ನಿಮಿಯಾ ಆಡಿದ ಓರೆ ಮಾತು

ನಿಮಿಯಾಳ ಹೊಟ್ಟೆಕಿಚ್ಚಿಗೆ ದೊಡ್ಡ ಕಾರಣಗಳು ಬೇಕಿರಲಿಲ್ಲ. ಪಕ್ಕದ ಮನೆಯ ಕೋಳಿ ಎರಡು ಮೊಟ್ಟೆ ಹೆಚ್ಚಿಗೆ ಇಟ್ಟರೆ ಸಾಕು, ಮಧ್ಯಾಹ್ನದವರೆಗೂ ಮುಖ ಊದಿಸಿಕೊಂಡು ಕೂರುತ್ತಿದ್ದಳು. ಎದುರು ಸಾಲಿನವಳು ಹೊಸ ಚಪ್ಪಲಿ ತಂದರೆ ಆ ವಾರವೆಲ್ಲ ಅವಳ ಕಾಲಿನ ಕಡೆಯೇ ಇವಳ ಕಣ್ಣು. ಪೊಸಾದಾಸ್ ಊರಿನ ನದಿದಡದ ಕೇರಿಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಮುಚ್ಚಿಡುವ ಅಭ್ಯಾಸ ಅವಳಿಗೂ ಇರಲಿಲ್ಲ. "ನಂದು ಹುಟ್ಟಿದಾಗಿನ ಗುಣ ಕಣ್ರೇ. ಪಕ್ಕದ ಮಗು ಹಾಲು ಕುಡಿಯೋದು ನೋಡಿ ನಾನು ಅಳ್ತಿದ್ನಂತೆ, ನನ್ನ ಹೊಟ್ಟೆ ತುಂಬಿದ್ರೂನು" ಎಂದು ತಾನೇ ಹೇಳಿ ತಾನೇ ನಗುತ್ತಿದ್ದಳು. ನಗುತ್ತ ಹೇಳಿಕೊಳ್ಳಲಾಗದ ಹೊಟ್ಟೆಕಿಚ್ಚು ಅವಳಿಗೆ ಹತ್ತಿದ್ದು ನಲವತ್ತು ದಾಟಿದ ಮೇಲೆ, ಅದೂ ಹೆತ್ತ ಮಗಳ ವಿಷಯದಲ್ಲಿ.

ಅವಳು ಹುಟ್ಟಿದ್ದು ಪರಾನಾ ನದಿಯ ಆಚೆ, ಪರಾಗ್ವೆಯ ನ್ಯೂಪುಕು ಎಂಬ ಹಳ್ಳಿಯಲ್ಲಿ. ಹತ್ತೊಂಬತ್ತಕ್ಕೆ ದೋಣಿ ಹತ್ತಿ ಈಚೆಯ ಅರ್ಜೆಂಟೀನಾಕ್ಕೆ ಬಂದಳು. ಆಗ ಸೇತುವೆ ಇರಲಿಲ್ಲ. ಬಂದವಳು ಪರದೇಶಕ್ಕೆ ಬಂದೆ ಅಂದುಕೊಂಡೇ ಇರಲಿಲ್ಲ, ಏಕೆಂದರೆ ಇಳಿದ ದಡದಲ್ಲಿ ಮೂಟೆ ಹೊರುವವನೂ ಮೀನು ಮಾರುವವಳೂ ಅವಳ ಗ್ವಾರಾನಿ ಭಾಷೆಯಲ್ಲೇ ಬೈದಾಡುತ್ತಿದ್ದರು. ಪರದೇಶ ಗೊತ್ತಾಗಿದ್ದು ಆಮೇಲೆ, ಕಾಗದಪತ್ರ ಕೇಳುವವರ ಮುಂದೆ ನಿಂತಾಗ. ಮರಗೆಣಸಿನ ಹಿಟ್ಟಿಗೆ ಚೀಸು, ಮೊಟ್ಟೆ, ಸೋಂಪು ಹಾಕಿ ನಾದಿ, ಬಳೆಯ ಹಾಗೆ ತಿರುವಿ, ಹಿತ್ತಲಿನ ಮಣ್ಣಿನ ಒಲೆಯಲ್ಲಿ ಸುಟ್ಟ ಚಿಪಾ ಅವಳ ಕಸುಬು. ಬೆಳಗ್ಗೆ ಬುಟ್ಟಿ ತಲೆಯ ಮೇಲಿಟ್ಟು ಬಸ್ ನಿಲ್ದಾಣಕ್ಕೆ ಹೊರಟರೆ ಹತ್ತಕ್ಕೆಲ್ಲ ಬುಟ್ಟಿ ಖಾಲಿ. ಗಂಡ ಎವಾರಿಸ್ತೊ ಗಾರೆ ಕೆಲಸಕ್ಕೆಂದು ರಾಜಧಾನಿಯಲ್ಲಿ ಇದ್ದ. ಕ್ರಿಸ್‌ಮಸ್ಸಿಗೆ ಬರುತ್ತಿದ್ದ, ಜಗಳವಾಡಲು ಪುರುಸೊತ್ತು ಸಿಗುವ ಮೊದಲೇ ಹೋಗುತ್ತಿದ್ದ. ಮನೆಯಲ್ಲಿ ಉಳಿದವರು ಅವಳು ಮತ್ತು ಒಬ್ಬಳೇ ಮಗಳು ವನೆಸಾ.

ವನೆಸಾ ಆರು ವರ್ಷದವಳಿದ್ದಾಗ ಒಂದು ದಿನ ಶಾಲೆಯಿಂದ ಅಳುತ್ತ ಬಂದಳು. ಜೊತೆಯ ಮಕ್ಕಳು "ಪರಾಗ್ವಾ, ಪರಾಗ್ವಾ" ಎಂದು ಅಣಕಿಸಿದ್ದರು. ಟೀಚರು ತಾಯಿಯನ್ನು ಕರೆಸಿ, ಮನೆಯಲ್ಲಿ ಸ್ಪ್ಯಾನಿಷ್ ಬಿಟ್ಟು ಬೇರೆ ಮಾತು ಬೇಡ, ಮಗುವಿಗೇ ಕಷ್ಟ ಎಂದು ಬುದ್ಧಿ ಹೇಳಿದರು. ಹೇಳಿದವರೇನೋ ಹೇಳಿ ಮರೆತಿರಬೇಕು. ನಿಮಿಯಾ ಮಾತ್ರ ಅಂದಿನಿಂದ ಮಗಳ ಜೊತೆ ಒಂದೇ ಒಂದು ಗ್ವಾರಾನಿ ಪದ ಆಡಲಿಲ್ಲ. ಹಟಕ್ಕೆ ಬಿದ್ದರೆ ಅವಳು ಹಾಗೆಯೇ. ಆಡುವವರಿಲ್ಲದೆ ಹುಡುಗಿಯ ಬಾಯಲ್ಲಿದ್ದ ಗ್ವಾರಾನಿಯೂ ಮರೆತುಹೋಯಿತು.

ಕಷ್ಟವೆಂದರೆ, ಅವಳಿಗೆ ಬರುತ್ತಿದ್ದ ಸ್ಪ್ಯಾನಿಷ್ ಬಸ್ ನಿಲ್ದಾಣದ್ದು. ಆ ಭಾಷೆಯಲ್ಲಿ ಚಿಪಾ ಮಾರಲು ಬರುತ್ತಿತ್ತು, ಮುದ್ದು ಮಾಡಲು ಬರುತ್ತಿರಲಿಲ್ಲ. "ಮಗಳೇ, ಊಟವನ್ನು ಮಾಡು. ಪಾಠವನ್ನು ಓದು. ಬಾಗಿಲನ್ನು ಮುಚ್ಚು." ಎಂಟು ವರ್ಷ ತಾಯಿ ಮಗಳ ನಡುವೆ ಇದೇ ಮಾತು. ವನೆಸಾ ಕೂಡ "ಆಗಲಿ, ಮಮಿ. ಓದಿದೆ, ಮಮಿ" ಎಂದು ಮುಗಿಸುತ್ತಿದ್ದಳು. ಕೇರಿಯವರನ್ನೆಲ್ಲ ಹೊಟ್ಟೆ ಹಿಡಿದು ನಗಿಸುತ್ತಿದ್ದ ಹೆಂಗಸು ಸ್ವಂತ ಮಗಳ ಕಣ್ಣಿಗೆ ಮೂರೇ ಪದ ಗೊತ್ತಿರುವ ಸಿಡುಕಿ. ನಿಮಿಯಾಳಿಗೆ ಇದು ಗೊತ್ತಿತ್ತು. ಮಗಳು ಓದಿ ಮುಂದೆ ಬರಲಿ, ಯಾರೂ ಅವಳನ್ನು ಪರಾಗ್ವಾ ಎಂದು ಕರೆಯದಿರಲಿ ಎಂದು ನುಂಗಿಕೊಂಡಿದ್ದಳು.

ಸೇತುವೆಯಾಗಿ ಎಂಟು ವರ್ಷವಾದ ಮೇಲೆ, ಮಾರ್ಚಿನಲ್ಲಿ, ನಿಮಿಯಾಳ ಬಲಭುಜ ಹಿಡಿದುಕೊಂಡಿತು. ಹಿಟ್ಟು ನಾದಲು ಕೈ ಏಳದು. ಆಚೆ ಹುಟ್ಟೂರಲ್ಲಿ ಚಿಕ್ಕಮ್ಮನ ಮಗಳು ಸಿರಿಲಾ ಇದ್ದಳು, ಇಪ್ಪತ್ತೆಂಟರ ಹೆಣ್ಣು, ಮದುವೆಯಿಲ್ಲ, ಕೆಲಸವಿಲ್ಲ. ನಿಮಿಯಾ ತಾನೇ ಹೇಳಿಕಳಿಸಿದಳು. ಯಾರೂ ಬಲವಂತ ಮಾಡಲಿಲ್ಲ ಎಂಬುದನ್ನು ಆಮೇಲೆ ನೆನೆನೆನೆದು ತನ್ನನ್ನೇ ಬೈದುಕೊಂಡಳು.

ಸಿರಿಲಾ ಒಂದು ಚೀಲ, ಒಂದು ಹುಂಜ, ಮೂರು ತಿಂಗಳು ಇರಬಹುದೆಂದು ಸೇತುವೆಯ ಮೇಲೆ ಹಾಕಿಸಿಕೊಂಡ ಮುದ್ರೆ ಇಷ್ಟನ್ನು ಹಿಡಿದು ಬಂದಿಳಿದಳು. ಬಾಗಿಲಲ್ಲೇ ಶುರು ಮಾಡಿದಳು.

"ಅಕ್ಕಾ, ಈ ಹುಂಜ ನೋಡು, ಸೇತುವೆ ಮೇಲೆ ಆಫೀಸರ್ರು ಇದಕ್ಕೂ ಕಾಗ್ದ ಕೇಳ್ದ. ನಾನಂದೆ, ಸ್ವಾಮಿ, ಇದು ಕೆಲ್ಸ ಹುಡುಕ್ಕೊಂಡು ಬರ್ತಿಲ್ಲ, ಸಾರಾಗೋಕೆ ಬರ್ತಿದೆ."

ನಿಮಿಯಾ ನಕ್ಕಳು, ತಬ್ಬಿಕೊಂಡಳು, ಊರಿನ ಸುದ್ದಿಯನ್ನೆಲ್ಲ ಬಾಚಿ ಬಾಚಿ ಕೇಳಿದಳು. ಮೊದಲ ಎರಡು ವಾರ ಮನೆಯಲ್ಲಿ ಹಬ್ಬ. ಸಿರಿಲಾ ನಾದುವಳು, ನಿಮಿಯಾ ಸುಡುವಳು. ಸಿರಿಲಾಳ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

ಮೂರನೆಯ ವಾರ ಒಂದು ಸಂಜೆ ನಿಮಿಯಾ ಒಲೆಯ ಮುಂದೆ ಕೂತಿದ್ದಾಗ ಒಳಗಿನಿಂದ ವನೆಸಾ ನಗುವುದು ಕೇಳಿಸಿತು. ಹಲ್ಲು ಕಿರಿಯುವ ನಗುವಲ್ಲ, ಉಸಿರು ಸಿಗದೆ ಬಿಕ್ಕುವಂಥ ನಗು. ಆ ಮನೆಯಲ್ಲಿ ಆ ಸದ್ದು ಹೊಸದು. ನಿಮಿಯಾ ಕಿವಿಗೊಟ್ಟಳು. ಸಿರಿಲಾ ಹುಡುಗಿಯ ತಲೆ ಬಾಚುತ್ತ ಗ್ವಾರಾನಿ ಹೇಳಿಕೊಡುತ್ತಿದ್ದಳು.

"ಹೇನು ಅನ್ನು. ಹೇ-ನು. ಮೂಗಿಂದ ಬರ್ಬೇಕು ಕಣೇ, ನೆಗಡಿ ಆದವಳ ಥರ."

"ಏನು," ಎಂದಳು ವನೆಸಾ.

"ಏನೂ ಇಲ್ಲ ಅಂತಿದ್ಯಾ? ಕೈ ತುಂಬ ಸಿಕ್ಕಿದಾವಲ್ಲೇ!"

ಮತ್ತೆ ಇಬ್ಬರೂ ನಗೆಯಲ್ಲಿ ಬಿದ್ದರು. ಎಂಟು ವರ್ಷ ನಿಮಿಯಾ ಯಾವ ಬಾಗಿಲಿಗೆ ಬೀಗ ಹಾಕಿಟ್ಟಿದ್ದಳೋ, ಅದನ್ನು ಈ ಹೆಂಗಸು ಒಂದು ಹೇನು ಹಿಡಿದು ತೆಗೆದುಬಿಟ್ಟಿದ್ದಳು. ಆ ಹೊತ್ತು ಒಂದು ಒಲೆ ಚಿಪಾ ಪೂರ್ತಿ ಕರಕಲಾಯಿತು. ಇಪ್ಪತ್ತು ವರ್ಷದಲ್ಲಿ ಅವಳು ಚಿಪಾ ಸೀಯಿಸಿದ್ದು ಅದೇ ಮೊದಲು.

ಒಳಗೆ ಹೋಗಿ ಮಗಳಿಗೆ ಹೇಳಿದಳು: "ಪಾಠವನ್ನು ಓದು."

"ಓದಿದೆ, ಮಮಿ," ಎಂದಳು ವನೆಸಾ. ನಗು ಅಲ್ಲಿಗೆ ನಿಂತಿತು.

ಅಂದಿನಿಂದ ನಿಮಿಯಾಳಿಗೆ ಸಿರಿಲಾಳ ಪ್ರತಿಯೊಂದೂ ಚುಚ್ಚತೊಡಗಿತು. ಅವಳ ಹುಂಜ ಕೂಗಿದರೆ ಚುಚ್ಚಿತು. ಊಟಕ್ಕೆ ಬಡಿಸುವಾಗ ಸಣ್ಣ ಮರಗೆಣಸು ಅವಳ ತಟ್ಟೆಗೆ. ಬಾಚಣಿಗೆ ಎಲ್ಲೋ ಕಳೆದುಹೋಯಿತು, ಅಂದರೆ ನಿಮಿಯಾಳ ಏಪ್ರನ್ ಜೇಬಿನಲ್ಲಿ ಕಳೆದುಹೋಯಿತು. ಇಬ್ಬರೂ ಬೆರಳಲ್ಲೇ ತಲೆ ಬಿಡಿಸಿಕೊಂಡು ಇನ್ನಷ್ಟು ಹತ್ತಿರ ಕೂತರು. ಕನ್ಯಾಮಾತೆಯ ಪಟದ ಮುಂದೆ ಮೇಣದಬತ್ತಿ ಹಚ್ಚಿ, ಸಿರಿಲಾಳಿಗೆ ಆಚೆ ದಡದಲ್ಲೇ ಒಳ್ಳೆಯ ಗಂಡ ಸಿಗಲಿ, ಬೇಗ ಸಿಗಲಿ, ದೂರದ ಊರಿನವನಾಗಲಿ ಎಂದು ಬೇಡಿಕೊಂಡಳು. ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ತಿಂಗಳು ಎಂದು ಮುಗಿಯುತ್ತದೆಂದು ಬೆರಳಿಟ್ಟು ಎಣಿಸಿದಳು.

ಎಲ್ಲಕ್ಕಿಂತ ಉರಿಸಿದ್ದು ಒಂದು ಕರೆ. ವನೆಸಾ ಸಿರಿಲಾಳನ್ನು ಗ್ವಾರಾನಿಯಲ್ಲಿ ಚಿಕ್ಕಮ್ಮ ಎನ್ನತೊಡಗಿದಳು. ನಮ್ಮಲ್ಲಿಯ ಹಾಗೆ ಅಲ್ಲಿಯೂ ಆ ಪದದೊಳಗೆ ಅಮ್ಮ ಇದ್ದಾಳೆ. ಹೆತ್ತವಳು ಪರಭಾಷೆಯ ಮಮಿ, ನಿನ್ನೆ ಮೊನ್ನೆ ಬಂದವಳು ಚಿಕ್ಕಮ್ಮ.

ಪಕ್ಕದ ಮನೆಯ ಮುದುಕಿ ನ್ಯಾ ಸೆಲ್ಸಾ, ನಿಮಿಯಾ ಬಂದ ಕಾಲದಿಂದಲೂ ಅವಳಿಗೆ ಹಿರಿಯಕ್ಕನಂತೆ ಇದ್ದವಳು, ಇದನ್ನು ಗಮನಿಸಿದಳು.

"ನಿನ್ ಮುಖ ಯಾಕೋ ಹುಳಿ ಹಿಟ್ಟಾಗಿದೆಯಲ್ಲೇ, ನಿಮಿಯಾ."

"ಭುಜ ನೋವು."

"ಭುಜದ ನೋವು ಇಷ್ಟು ಕೆಳಗಿಳಿದು ಹೊಟ್ಟೆಗೆ ಬಂತಾ?" ಎಂದಳು ಮುದುಕಿ. "ನಿಂಗೆ ಬೇಕಿದ್ರೆ ನೀನೂ ಆಡೇ ಮಗಳ ಹತ್ರ. ಯಾರು ಬೇಡ ಅಂದ್ರು? ಆ ಟೀಚರ್ರು ಎಂದೋ ವರ್ಗ ಆಗಿ ಹೋದ್ಲು."

ನಿಮಿಯಾ ಪ್ರಯತ್ನ ಮಾಡಲಿಲ್ಲ ಎಂದಲ್ಲ. ಒಂದು ಬೆಳಗ್ಗೆ ಬಾಯಿ ತೆರೆದಳು. ಎಂಟು ವರ್ಷದ ಮೇಲೆ ಏನು ಹೇಳುವುದು? ನಾಚಿಕೆಯಾಯಿತು. "ಹಾಲನ್ನು ಕುಡಿ" ಎಂದು ಸ್ಪ್ಯಾನಿಷಿನಲ್ಲೇ ಮುಗಿಸಿದಳು. ಸಿರಿಲಾ ಕಲಿಸಿದ್ದನ್ನು ತಾನು ಮುಂದುವರಿಸಿದರೆ ಅವಳ ಹಿಂದೆ ನಡೆದಂತಾಯಿತು ಎಂಬ ಬಿಗುಮಾನ ಬೇರೆ.

ಜೂನ್ ಬಂತು. ಇಪ್ಪತ್ತನಾಲ್ಕಕ್ಕೆ ಸಂತ ಯೊಹಾನನ ಹಬ್ಬ. ಕೇರಿಯ ಪರಾಗ್ವೆಯವರೆಲ್ಲ ಚರ್ಚಿನ ಬಯಲಲ್ಲಿ ಸೇರಿ ಬೆಂಕಿ ಹಾಕಿ ಆಡುವ ದಿನ, ನಿಮಿಯಾಳ ಚಿಪಾ ಅಲ್ಲಿ ಇರಲೇಬೇಕು. ಅದಕ್ಕೆ ಎರಡು ವಾರ ಮುಂಚಿನ ಭಾನುವಾರ ಮಧ್ಯಾಹ್ನ ಅಂಗಳದಲ್ಲಿ ತೆರೆರೆ ಕೂಟ ನಡೆದಿತ್ತು. ಚಹಾದಂಥ ಯೆರ್ಬಾ ಎಲೆಯ ಪುಡಿ ತುಂಬಿದ ಕೊಂಬಿನ ಲೋಟ, ಒಂದೇ ಕೊಳವೆ, ತಣ್ಣೀರು ಹೊಯ್ಯುವವಳು ನಿಮಿಯಾ. ಲೋಟ ಅವಳ ಕೈಯಿಂದ ಒಬ್ಬೊಬ್ಬರಿಗೆ ಹೋಗಿ ಅವಳ ಕೈಗೇ ಮರಳುತ್ತಿತ್ತು. ನ್ಯಾ ಸೆಲ್ಸಾ ಇದ್ದಳು, ಸಿರಿಲಾ ಇದ್ದಳು, ಸಿರಿಲಾಳ ಮೊಣಕಾಲಿಗೆ ಒರಗಿ ವನೆಸಾ ಇದ್ದಳು. ನೀರು ಹೊಯ್ಯುವವಳ ಕಣ್ಣು ಆ ಮೊಣಕಾಲಿನ ಮೇಲೇ ಇತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಕನ್ನಡದಲ್ಲಿ "ನಾವು" ಎಂದರೆ ಮುಗಿಯಿತು. ಎದುರಿಗಿರುವವನನ್ನು ಸೇರಿಸಿಕೊಂಡೆವೋ ಬಿಟ್ಟೆವೋ, ಅವನೇ ಊಹಿಸಿಕೊಳ್ಳಬೇಕು. ಗ್ವಾರಾನಿಯಲ್ಲಿ ಆ ಮರೆ ಇಲ್ಲ. "ನ್ಯಾಂದೆ" ಎಂದರೆ ನಾವು, ನೀನೂ ಸೇರಿ. "ಓರೆ" ಎಂದರೆ ನಾವು, ನಿನ್ನನ್ನು ಬಿಟ್ಟು. ನಮ್ಮ ಓರೆಗೂ ಆ ಓರೆಗೂ ನಂಟಿಲ್ಲ ಎಂದು ತಿಳಿದವರು ಹೇಳುತ್ತಾರೆ. ಇರಬಹುದು, ಆದರೆ ಅಂದು ಅದು ಎರಡೂ ಅರ್ಥದಲ್ಲಿ ಓರೆಯಾಗಿಯೇ ಬಂತು.

ಸಿರಿಲಾ ಉತ್ಸಾಹದಲ್ಲಿದ್ದಳು. "ಅಕ್ಕಾ, ಹಬ್ಬಕ್ಕೆ ನ್ಯಾಂದೆ ಮುನ್ನೂರು ಚಿಪಾ ಸುಡೋಣ. ನಾದೋದು ನಂಗೆ ಬಿಡು, ತಿರುವೋದು ವನೆಸಾಗೆ. ಊರವ್ರೆಲ್ಲ ಬಾಯಿ ಬಿಡ್ಬೇಕು, ಅಂಗೆ ಮಾಡೋಣ."

ನಿಮಿಯಾ ಲೋಟಕ್ಕೆ ನೀರು ಹೊಯ್ದಳು. ಸಾವಕಾಶವಾಗಿ ಹೊಯ್ದಳು. ಸಿರಿಲಾಳ ಕೈಗೆ ಕೊಡುತ್ತ ಹೇಳಿದಳು:

"ಸುಡೋದಾದ್ರೆ ಓರೆ ಸುಡ್ತೀವಿ."

ಅಷ್ಟೇ. ದನಿ ಎತ್ತಲಿಲ್ಲ, ಮುಖ ಗಂಟಿಕ್ಕಲಿಲ್ಲ. ಯಾರಾದರೂ ಕೇಳಿದ್ದರೆ, ನಾನೇನಂದೆ, ನಾವು ಸುಡ್ತೀವಿ ಅಂದೆ ಎಂದು ಸಾಧಿಸಬಹುದಿತ್ತು. ನ್ಯಾ ಸೆಲ್ಸಾ ನೆಲ ನೋಡಿದಳು. ಸಿರಿಲಾ ಕೊಳವೆಯಿಂದ ಕೊನೆಯ ಹನಿವರೆಗೂ ಹೀರಿ ಲೋಟ ಹಿಂದಕ್ಕೆ ಕೊಟ್ಟು "ಉಪಕಾರವಾಯ್ತು ಅಕ್ಕಾ" ಎಂದಳು. ತೆರೆರೆ ಕೂಟದಲ್ಲಿ ಲೋಟ ಮರಳಿಸುವಾಗ ಉಪಕಾರ ಎಂದರೆ ಇನ್ನು ನನಗೆ ಬೇಡ ಎಂದರ್ಥ. ಎದ್ದು ಒಳಗೆ ಹೋಗಿ ಚೀಲ ಕಟ್ಟಿದಳು. ಮರುದಿನ ಬೆಳಗ್ಗೆ, ಮುದ್ರೆ ಮುಗಿಯುತ್ತ ಬಂತು, ಆಚೆ ಹೋಗಿ ಹಾಕಿಸಿಕೊಂಡು ಬರ್ತೀನಿ ಎಂದು ವನೆಸಾಳ ಕೆನ್ನೆ ಹಿಂಡಿ ಬಸ್ಸು ಹತ್ತಿದಳು. ಹುಂಜವನ್ನು ಬಿಟ್ಟುಹೋದಳು.

ಅವಳು ಚೀಲ ಕಟ್ಟುತ್ತಿದ್ದ ಹೊತ್ತಿನಲ್ಲೇ ವನೆಸಾ ಅಂಗಳದಲ್ಲಿ ತಾಯಿಯನ್ನು ಕೇಳಿದ್ದಳು.

"ಮಮಿ, ಚಿಕ್ಕಮ್ಮ ಏಕೆ ಎದ್ದು ಹೋದರು? ನೀವು ಏನು ಹೇಳಿದಿರಿ? ಓರೆ ಎಂದರೆ ಏನು?"

"ನಾವು ಎಂದು ಅರ್ಥ."

"ನ್ಯಾಂದೆ ಎಂದರೆ ನಾವು ಎಂದು ಚಿಕ್ಕಮ್ಮ ಹೇಳಿದ್ದರು."

ನಿಮಿಯಾ ಖಾಲಿ ಲೋಟ ಕೆಳಗಿಟ್ಟಳು. ಆಮೇಲೆ ಹೇಳಿಯೇಬಿಟ್ಟಳು: "ನ್ಯಾಂದೆ ಹಳ್ಳಿಯವರ ಮಾತು. ಓರೆ ಮರ್ಯಾದೆಯ ಮಾತು. ನಾವೆಲ್ಲರೂ, ಒಂದೇ ಮನೆಯವರು ಎಂದು ಅರ್ಥ."

ವನೆಸಾ ಅದನ್ನು ಶಾಲೆಯ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು. ಎಂಟು ವರ್ಷದ ಮೇಲೆ ತಾಯಿ ಅವಳಿಗೆ ಕಲಿಸಿದ ಮೊದಲ ಗ್ವಾರಾನಿ ಪದ ಅದು.

ಮೊದಲ ದಿನ ನಿಮಿಯಾಳಿಗೆ ಎದೆ ಹಗುರವಾಯಿತು. ಹಾಡಿಕೊಂಡು ಬುಟ್ಟಿ ಹೊತ್ತಳು. ವನೆಸಾ ಮಾತ್ರ, ಚಿಕ್ಕಮ್ಮ ನಾಳೆ ಬರ್ತಾಳೆ, ನಾಡಿದ್ದು ಬರ್ತಾಳೆ ಎಂದು ಬಾಗಿಲು ಕಾದಳು. ಐದನೆಯ ದಿನ, ಸಿರಿಲಾ ಸೇತುವೆಯ ಆಚೆ ಎನ್‌ಕಾರ್ನಸಿಯೋನ್ ಪೇಟೆಯಲ್ಲಿ ಯಾರದೋ ಅಡುಗೆಮನೆಗೆ ಸೇರಿಕೊಂಡಿದ್ದಾಳೆ, ಈಚೆಗೆ ಬರುವುದಿಲ್ಲವಂತೆ ಎಂದು ಸುದ್ದಿ ಬಂತು. ಹುಡುಗಿ ಅಳಲಿಲ್ಲ. "ಓದಿದೆ, ಮಮಿ" ಎನ್ನುವುದಕ್ಕೆ ಮರಳಿದಳು. ನ್ಯಾ ಸೆಲ್ಸಾ ತೆರೆರೆಗೆ ಬರುವುದು ಬಿಟ್ಟಳು. ನಿಮಿಯಾ ಬೇಲಿಯ ಹತ್ತಿರ ತಡೆದು ಕೇಳಿದಾಗ, "ಯಾವ ನಾವಿನಲ್ಲಿ ನಾನಿದೀನೋ ಗೊತ್ತಾಗ್ಲಿಲ್ಲ ಕಣವ್ವ, ಅದಕ್ಕೇ ಬರ್ಲಿಲ್ಲ" ಎಂದು ಮುದುಕಿ ಬಟ್ಟೆ ಒಣಹಾಕಿದಳು. ಗೆದ್ದಿದ್ದೇನೆ ಎಂದುಕೊಂಡವಳಿಗೆ ಮನೆ ಹಿಂದಿಗಿಂತ ಖಾಲಿಯಾಗಿ ಕಂಡಿತು. ಭುಜದ ನೋವೂ ಮರಳಿತು.

ಹಬ್ಬದ ದಿನ ಮಧ್ಯಾಹ್ನ ನಿಮಿಯಾ ಒಬ್ಬಳೇ ಹಿಟ್ಟಿನ ತೊಟ್ಟಿಯ ಮುಂದೆ ಮಂಡಿಯೂರಿದ್ದಳು. ಮುನ್ನೂರಲ್ಲ, ನೂರು ಸುಟ್ಟರೂ ದೊಡ್ಡದು. ಎಡಗೈಯಲ್ಲಿ ಒತ್ತುತ್ತಿದ್ದಳು, ಹಿಟ್ಟು ಮಾತು ಕೇಳುತ್ತಿರಲಿಲ್ಲ. ವನೆಸಾ ಬಾಗಿಲಲ್ಲಿ ನಿಂತು ಎಷ್ಟೋ ಹೊತ್ತು ನೋಡಿದಳು. ಕೊನೆಗೆ ತೋಳು ಮಡಿಸಿ ಬಂದು ಎದುರಿಗೆ ಕೂತು, ಹಿಟ್ಟಿಗೆ ಕೈ ಹಾಕಿದಳು. ತಾಯಿಯ ಕಡೆ ನೋಡದೆ, ಒಂದೊಂದೇ ಪದ ಹುಡುಕಿ ಹುಡುಕಿ, ಗ್ವಾರಾನಿಯಲ್ಲಿ ಹೇಳಿದಳು:

"ಅಮ್ಮಾ... ಅವ್ಳು ಬರ್ದಿದ್ರೆ ಬರ್ದೇ ಇರ್ಲಿ. ಓರೆ ಇಬ್ರು ಸಾಕು."

ಅಮ್ಮಾ ಎಂದಳು. ಮಮಿ ಅಲ್ಲ. ಎಂಟು ವರ್ಷದಿಂದ ನಿಮಿಯಾ ಕಾದಿದ್ದ ಪದ, ಹುಡುಗಿ ತನ್ನಷ್ಟಕ್ಕೆ ತಾನೇ ತಂದು ಕೊಟ್ಟಳು. ಕೊಟ್ಟ ಉಸಿರಿನಲ್ಲೇ ತಾಯಿಯನ್ನು ಹೊರಗೆ ಹಾಕಿದಳು. ನಾವಿಬ್ಬರು ಸಾಕು, ನಿನ್ನನ್ನು ಬಿಟ್ಟು. ದನಿ ಮಾತ್ರ ಪ್ರೀತಿಯದು, ಕೈ ಹಿಟ್ಟಿನೊಳಗೆ ತಾಯಿಯ ಕೈಯನ್ನು ಮುಟ್ಟುತ್ತಿತ್ತು.

ಸುಮ್ಮನಿದ್ದುಬಿಡಬಹುದಿತ್ತು. ಹೂಂ ಕಣೇ, ಸಾಕು ಎಂದಿದ್ದರೆ ಮುಗಿಯುತ್ತಿತ್ತು. ತಪ್ಪು ಪದವೇ ಆಗಲಿ, ಮಗಳು ಆಡಿದ್ದು ತನ್ನ ಹತ್ತಿರ. ತಿದ್ದಿದರೆ ಅಂದಿನ ಸುಳ್ಳು ಬಯಲಾಗುತ್ತದೆ. ತಿದ್ದದಿದ್ದರೆ ಈ ಹುಡುಗಿ ಬದುಕಿಡೀ ಅಮ್ಮಾ ಎಂದು ಕರೆದು ಓರೆ ಎಂದು ತಳ್ಳುತ್ತಲೇ ಇರುತ್ತಾಳೆ. ನಿಮಿಯಾ ಲೆಕ್ಕ ಹಾಕಿ ನಿರ್ಧಾರ ಮಾಡಿದಳೆಂದು ಹೇಳಿದರೆ ಸುಳ್ಳಾಗುತ್ತದೆ. ಆ ಮಾತು ತನ್ನನ್ನು ಹೊರಗಿನ ಚಳಿಯಲ್ಲಿ ನಿಲ್ಲಿಸಿದ ಹಾಗಾಯಿತು, ಅವಳಿಗೆ ತಡೆಯಲಾಗಲಿಲ್ಲ, ಬಾಯಿಂದ ಬಂದುಬಿಟ್ಟಿತು.

"ನ್ಯಾಂದೆ ಅನ್ನು ಮಗ್ಳೇ. ನ್ಯಾಂದೆ ಇಬ್ರು. ಓರೆ ಅಂದ್ರೆ ನಾನು ಅದ್ರಲ್ಲಿ ಇಲ್ಲ ಅಂತ."

ವನೆಸಾಳ ಕೈ ಹಿಟ್ಟಿನಲ್ಲಿ ನಿಂತಿತು. ಅವಳು ದಡ್ಡಿಯಲ್ಲ. ಎರಡು ವಾರದ ಹಿಂದಿನ ಭಾನುವಾರಕ್ಕೆ ಹೋಗಿ ಬರಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಹಾಗಾದ್ರೆ ಅವತ್ತು ಚಿಕ್ಕಮ್ಮಂಗೆ ಅಂದಿದ್ದು?"

ನಿಮಿಯಾ ಶುರು ಮಾಡಿದಳು. ಗ್ವಾರಾನಿಯಲ್ಲಿ, ಕಟ್ಟೆ ಒಡೆದ ಹಾಗೆ. "ಹೊಟ್ಟೆಕಿಚ್ಚು ಕಣೇ ನಂಗೆ. ನೀನು ಅವ್ಳ ಹತ್ರ ನಗ್ತಿದ್ದೆ, ನನ್ನ ಹತ್ರ ಒಂದಿನ ನಗ್ಲಿಲ್ಲ. ಬಾಚಣಿಗೆ ಬಚ್ಚಿಟ್ಟಿದ್ದು ನಾನೇ. ಅವ್ಳನ್ನ ಎಬ್ಬಿಸಿ ಕಳಿಸ್ಬೇಕು ಅಂತಾನೇ ಆ ಮಾತಂದೆ. ಒಳ್ಳೇವ್ಳು ಅವ್ಳು, ನಾನೇ ಕೆಟ್ಟವ್ಳು. ನನ್ನ ಮಗು ನನ್ನ ಮಾತಲ್ಲಿ ಮೊದ್ಲು ನನ್ನನ್ನೇ ಕರೀಬೇಕಿತ್ತು, ಅಷ್ಟೇ ಕಣೇ ನಂಗೆ ಬೇಕಿದ್ದಿದ್ದು." ಇನ್ನೂ ಏನೇನೋ ಹೇಳಿದಳು. ಹಾಗೆ ಹೇಳಲು ಆ ಭಾಷೆಯಲ್ಲಿ ಅವಳಿಗೆ ಏನೂ ಕಡಿಮೆ ಇರಲಿಲ್ಲ. ಅಳುತ್ತ, ಮೂಗೊರೆಸುತ್ತ, ಮುಖಕ್ಕೆಲ್ಲ ಹಿಟ್ಟು ಮಾಡಿಕೊಂಡಳು.

ವನೆಸಾ ಕೊನೆಯವರೆಗೂ ಕೇಳಿ, ಸ್ಪ್ಯಾನಿಷಿನಲ್ಲಿ ಮೆಲ್ಲನೆ ಹೇಳಿದಳು:

"ಮಮಿ, ನನಗೆ ಅರ್ಥವಾಗಲಿಲ್ಲ. ಮತ್ತೊಮ್ಮೆ ಹೇಳಿ."

ಮೂರು ತಿಂಗಳ ಗ್ವಾರಾನಿ ಅಷ್ಟಕ್ಕೆ ಸಾಲುತ್ತಿರಲಿಲ್ಲ. ನಿಮಿಯಾ ಮತ್ತೊಮ್ಮೆ ಹೇಳಬೇಕಾಯಿತು, ಬಸ್ ನಿಲ್ದಾಣದ ಭಾಷೆಯಲ್ಲಿ. ಅಲ್ಲಿ ಅವಳಿಗೆ ಹೊಟ್ಟೆಕಿಚ್ಚಿಗೆ ಪದ ಗೊತ್ತಿರಲಿಲ್ಲ. ಕಾರಣ ಹೇಳಲು, ಸುತ್ತಿ ಬಳಸಿ ಮೆತ್ತಗೆ ಮಾಡಲು ಅವಳ ಹತ್ತಿರ ಅಲ್ಲಿ ಏನೂ ಇರಲಿಲ್ಲ. ಉಳಿದದ್ದು ಇಷ್ಟು:

"ನಾನು ಅವಳಿಗೆ ಹೇಳಿದೆ. ನಾವು ಬೇರೆ. ನೀನು ಬೇರೆ. ನೀನು ಹೋಗು."

ಹುಡುಗಿ ತಾಯಿಯ ಮುಖವನ್ನೇ ನೋಡಿದಳು. ಕೈಗೆ ಅಂಟಿದ ಹಿಟ್ಟನ್ನು ಬೆರಳು ಬೆರಳಿನಿಂದ ಬಿಡಿಸಿ ತೊಟ್ಟಿಗೆ ಹಾಕಿದಳು. ಆಮೇಲೆ ಗ್ವಾರಾನಿಯಲ್ಲಿ, ಒಂದು ಪದವೂ ತಪ್ಪದಂತೆ, ಕೇಳಿದಳು:

"ಅವತ್ತಿನ ಆ ಓರೆನಲ್ಲಿ ನಾನೂ ಇದ್ದೆ ತಾನೇ? ನನ್ನ ಕೇಳ್ದೇನೇ ನನ್ನನ್ನೂ ಸೇರಿಸ್ಕೊಂಡು ಅಂದ್ಯಲ್ಲಮ್ಮಾ, ಯಾಕೆ?"

ಹುಡುಗಿಯ ಆ ಪ್ರಶ್ನೆಯ ರಾಗ, ಕೊನೆಯಲ್ಲಿ ದನಿ ಎತ್ತಿ ನಿಲ್ಲಿಸುವ ಬಗೆ, ಎಲ್ಲವೂ ಸಿರಿಲಾಳದೇ ಆಗಿತ್ತು. ಅಷ್ಟು ಸಂಕಟದಲ್ಲೂ ಅದು ನಿಮಿಯಾಳ ಕಿವಿಗೆ ಬಿತ್ತು, ಹೊಟ್ಟೆ ಉರಿಯಿತು.